ಹಾಯಿಯ ಸೆಳೆತ: ಎಂಜಿನ್ ಬಂದ ಮೇಲೂ ಗಾಳಿಯನ್ನು ನೆಚ್ಚುವುದೇಕೆ

(ಕುಂದಾಪುರದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ವಂದನೆಗಳು.

ತೆರೆದ ಕಡಲಿನಲ್ಲಿ ಎರಡು ದೋಣಿಗಳು ಒಂದರ ದಾರಿಗೆ ಇನ್ನೊಂದು ಅಡ್ಡವಾಗಿ ಬರುತ್ತಿವೆ ಎಂದಿಟ್ಟುಕೊಳ್ಳಿ. ಒಂದು ಎಂಜಿನ್ನಿನ ಬಲದಿಂದ ಓಡುತ್ತಿದೆ, ಇನ್ನೊಂದು ಹಾಯಿ ಬಿಚ್ಚಿಕೊಂಡು ಗಾಳಿಯ ಬಲದಿಂದ ಸಾಗುತ್ತಿದೆ. ಇವೆರಡರಲ್ಲಿ ಯಾವುದು ದಾರಿ ಬಿಡಬೇಕು? ಕಡಲಿನಲ್ಲಿ ಡಿಕ್ಕಿ ತಪ್ಪಿಸುವುದಕ್ಕಾಗಿ 1972ರಲ್ಲಿ ರೂಪಿಸಿದ ಅಂತಾರಾಷ್ಟ್ರೀಯ ನಿಯಮಾವಳಿಯ 18ನೆಯ ನಿಯಮದ ಪ್ರಕಾರ ಎಂಜಿನ್ ಇರುವ ದೋಣಿಯೇ ಸರಿದುಕೊಳ್ಳಬೇಕು. ಇಕ್ಕಟ್ಟಾದ ಕಾಲುವೆಯಲ್ಲಿ, ಹಿಂದಿನಿಂದ ಬಂದು ದಾಟಿ ಹೋಗುವಾಗ, ಹೀಗೆ ಕೆಲವು ಸಂದರ್ಭಗಳಲ್ಲಿ ಈ ಮಾತು ಬದಲಾಗುತ್ತದೆ. ಆದರೆ ತೆರೆದ ನೀರಿನ ಸಾಮಾನ್ಯ ನಿಯಮ ಇದೇ. ಎಂಜಿನ್ ಇರುವವನು ಎತ್ತ ಬೇಕಾದರೂ ತಿರುಗಬಲ್ಲ, ಹಾಯಿಯವನಿಗೆ ಗಾಳಿ ಬಿಟ್ಟುಕೊಟ್ಟ ದಿಕ್ಕುಗಳು ಮಾತ್ರ ಉಂಟು ಎಂಬುದು ಅದರ ಹಿಂದಿನ ಕಾರಣ. ಇದೇ ನಿಯಮಾವಳಿಯಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಹಾಯಿ ಏರಿಸಿದ ದೋಣಿಯೊಂದು ತನ್ನ ಎಂಜಿನ್ನನ್ನೂ ಚಾಲೂ ಮಾಡಿ ಅದರ ಬಲದಿಂದಲೂ ಸಾಗತೊಡಗಿದರೆ, ಆ ಗಳಿಗೆಯಿಂದ ಅದು ಎಂಜಿನ್ ದೋಣಿ ಎನಿಸಿಕೊಳ್ಳುತ್ತದೆ. ಹಗಲಾದರೆ ಮೊನೆ ಕೆಳಗಾದ ಕಪ್ಪು ಶಂಕುವೊಂದನ್ನು ಎದುರಿಗೆ ತೂಗಿಸಿ ಅದನ್ನು ಲೋಕಕ್ಕೆ ತಿಳಿಸಬೇಕಾಗುತ್ತದೆ. ಹಾಯಿ ಎಷ್ಟೇ ಉಬ್ಬಿ ನಿಂತಿರಲಿ, ಎಂಜಿನ್ ಓಡುತ್ತಿದ್ದರೆ ಅದಕ್ಕೆ ಹಾಯಿದೋಣಿಯ ಹಕ್ಕು ಇಲ್ಲ.

ನಮ್ಮ ದೇಶದ ಕಡತಗಳಲ್ಲಿ ಇದಕ್ಕೆ ತಿರುವುಮುರುವಾದ ಹೆಸರೊಂದು ಉಳಿದುಕೊಂಡಿದೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಲ್ಲು, ಸಿಮೆಂಟು ಹೊತ್ತು ಹೋಗುವ ಮರದ ಮಂಜಿಗಳನ್ನು ನೀವು ನೋಡಿರಬಹುದು. ಅವು ಓಡುವುದು ಡೀಸೆಲ್ ಎಂಜಿನ್ನಿನಿಂದ. ಆದರೂ ಸರ್ಕಾರಿ ಭಾಷೆಯಲ್ಲಿ ಅವು ಇಂದಿಗೂ ‘ಯಾಂತ್ರೀಕೃತ ಹಾಯಿ ಹಡಗು’ಗಳೇ. ಹಾಯಿ ಹೋಯಿತು, ಅದರ ಹೆಸರು ಉಳಿಯಿತು. ಕರಾವಳಿಯ ಜನರ ಬಾಯಿಯಲ್ಲಿ ಮಾತ್ರ ಈ ಗೊಂದಲವಿಲ್ಲ. ಎಂಜಿನ್ ಕೂರಿಸಿದ್ದು ಬೋಟು, ಹುಟ್ಟಿನಿಂದಲೋ ಹಾಯಿಯಿಂದಲೋ ನಡೆಯುವುದು ದೋಣಿ ಎಂದು ಮಲ್ಪೆ, ಗಂಗೊಳ್ಳಿಗಳ ಹುಡುಗರೂ ಬೇರೆ ಮಾಡಿ ಹೇಳಬಲ್ಲರು.

ಬೋಟು ಬಂದ ಮೇಲೆ ದೋಣಿಯ ಹಾಯಿ ಸಂಪೂರ್ಣವಾಗಿ ಮರೆಯಾಗಬೇಕಿತ್ತು. ವೇಗದಲ್ಲಿ, ಅನುಕೂಲದಲ್ಲಿ, ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ತಲುಪುವ ಭರವಸೆಯಲ್ಲಿ ಎಂಜಿನ್ನಿಗೆ ಹಾಯಿ ಸರಿಸಾಟಿಯೇ ಅಲ್ಲ. ದುಡಿಮೆಯ ಲೋಕದಲ್ಲಿ ಅದು ಬಹುಮಟ್ಟಿಗೆ ಮರೆಯಾಯಿತು ಕೂಡ. ಆದರೆ ಜನ ತಮ್ಮ ಇಷ್ಟಕ್ಕಾಗಿ ನೀರಿಗೆ ಇಳಿಯುವ ಲೋಕದಲ್ಲಿ ಹಾಗಾಗಲಿಲ್ಲ. ಒಲಿಂಪಿಕ್ಸ್ ಕ್ರೀಡೆಗಳ ಚರಿತ್ರೆಯಲ್ಲಿ ಇದಕ್ಕೆ ಒಂದು ಸಾಕ್ಷ್ಯವಿದೆ. ಮೋಟಾರು ಎಂಬುದೇ ಹೊಸ ಬೆರಗಾಗಿದ್ದ 1908ರಲ್ಲಿ, ಲಂಡನ್ ಒಲಿಂಪಿಕ್ಸ್‌ನ ಭಾಗವಾಗಿ ಸೌತಾಂಪ್ಟನ್ ಬಳಿಯ ನೀರಿನಲ್ಲಿ ಮೋಟಾರು ದೋಣಿಗಳ ಸ್ಪರ್ಧೆ ನಡೆಯಿತು. ಹವಾಮಾನ ಕೆಟ್ಟಿತ್ತು, ಮೂರು ವಿಭಾಗಗಳಲ್ಲಿ ಪ್ರತಿಯೊಂದರಲ್ಲೂ ಒಂದೊಂದೇ ದೋಣಿ ಗುರಿ ಮುಟ್ಟಿತು. ಆಮೇಲೆ ಆ ಸ್ಪರ್ಧೆ ಒಲಿಂಪಿಕ್ಸ್‌ಗೆ ಮರಳಿ ಬರಲೇ ಇಲ್ಲ. ಹಾಯಿದೋಣಿಯ ಸ್ಪರ್ಧೆ 1900ರಲ್ಲಿ ಮೊದಲಾಗಿ, 1904ರ ಕೂಟವೊಂದನ್ನು ಬಿಟ್ಟರೆ, ಇಂದಿನವರೆಗೂ ಪ್ರತಿ ಬೇಸಿಗೆ ಒಲಿಂಪಿಕ್ಸ್‌ನಲ್ಲಿ ನಡೆದುಕೊಂಡು ಬಂದಿದೆ. ನೂರು ವರ್ಷಗಳಲ್ಲಿ ಎಂಜಿನ್ ಇಷ್ಟೊಂದು ಸುಧಾರಿಸಿದ ಮೇಲೂ ಹಾಯಿಯ ಸೆಳೆತ ಏಕೆ ಮಾಸಲಿಲ್ಲ ಎಂಬುದು ಈ ಹೊತ್ತಿನ ನನ್ನ ವಿಷಯ.

ಆದರೆ ಹಾಯಿಯನ್ನು ಹೊಗಳುವ ಮೊದಲು ನನ್ನ ಅಜ್ಜಯ್ಯನ ಮಾತನ್ನು ನಿಮ್ಮ ಮುಂದೆ ಇಡದಿದ್ದರೆ ಅದು ಅಪ್ರಾಮಾಣಿಕವಾಗುತ್ತದೆ. ಅಜ್ಜಯ್ಯ ತಮ್ಮ ಹರೆಯದಲ್ಲಿ ಪತ್ತೆಮಾರಿ ಎಂಬ ಸರಕಿನ ಹಾಯಿ ಹಡಗಿನಲ್ಲಿ ಖಲಾಸಿಯಾಗಿದ್ದರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು ನಮ್ಮ ಕರಾವಳಿಯ ದೊಡ್ಡ ಸರಕಾಯಿತು. ಆ ಹಂಚುಗಳನ್ನು ಮುಂಬಯಿಯ ಕಡೆಗೆ ಹೊತ್ತವು ಇಂಥ ಹಾಯಿ ಹಡಗುಗಳೇ. ಮಳೆಗಾಲ ಕಳೆದು ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡಿದ ನಂತರವೇ ಹಡಗುಗಳು ನೀರಿಗಿಳಿಯುತ್ತಿದ್ದವು. ಬಡಗಣಕ್ಕೆ ಹೋಗುವ ದಾರಿಯಲ್ಲಿ ಎದುರಾಗುತ್ತಿದ್ದುದೂ ಬಡಗಣ ಮತ್ತು ವಾಯವ್ಯದ ಗಾಳಿಯೇ. ಹಾಗಾದರೆ ಅವರು ಹೋಗುತ್ತಿದ್ದುದು ಹೇಗೆ? ನವೆಂಬರ್‌ನಿಂದ ಮೇ ತಿಂಗಳವರೆಗೆ ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಗಾಳಿಗಳು ಪಾಳಿಯಂತೆ ಬೀಸುತ್ತವೆ. ರಾತ್ರಿ ನೆಲ ಬೇಗ ತಣಿಯುವುದರಿಂದ ನಸುಕಿನ ಹೊತ್ತಿಗೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಹರಿಯುತ್ತದೆ. ಹಗಲು ನೆಲ ಕಾದು ಅದರ ಮೇಲಿನ ಬಿಸಿ ಗಾಳಿ ಮೇಲೇರುವುದರಿಂದ ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ನೆಲಕ್ಕೆ ತಿರುಗುತ್ತದೆ. ಪತ್ತೆಮಾರಿಯ ತಾಂಡೇಲರು, ಅಂದರೆ ಹಡಗು ನಡೆಸುವ ಮುಖ್ಯಸ್ಥರು, ನಸುಕಿನ ಗಾಳಿಯಲ್ಲಿ ಓರೆಯಾಗಿ ಹೊರಕ್ಕೆ, ಮಧ್ಯಾಹ್ನದ ಗಾಳಿಯಲ್ಲಿ ಓರೆಯಾಗಿ ದಡದ ಕಡೆಗೆ, ಹೀಗೆ ದಿನದಿನವೂ ಗರಗಸದ ಹಲ್ಲಿನಂತೆ ಗೀರಿಕೊಂಡು ಬಡಗಣಕ್ಕೆ ಏರುತ್ತಿದ್ದರು. ಈ ಲೆಕ್ಕ ಯಾವ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ.

ಈ ಜಾಣ್ಮೆಯನ್ನು ನಾನು ಮೆಚ್ಚಿ ಮಾತನಾಡಿದಾಗಲೆಲ್ಲ ಅಜ್ಜಯ್ಯ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: “ಗಾಳಿಗ್ ಕಾದ್ ಕೂಕಂಡವ್ನಿಗೇ ಗೊತ್ತ್ ಮಗಾ ಅದ್ರ ಕಷ್ಟ.” ಗಾಳಿ ಬಿದ್ದು ಮೂರು ದಿನ ಒಂದೇ ಕಡೆ ನಿಂತ ಹಡಗಿನಲ್ಲಿ ಕುಡಿಯುವ ನೀರನ್ನು ಅಳೆದು ಕುಡಿದ ನೆನಪು ಅವರಿಗಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಎದ್ದ ತೂಫಾನಿಗೆ ಸಿಕ್ಕಿ ಮರಳದ ಹಡಗುಗಳ ನೆನಪೂ ಇತ್ತು. ಮೀನುಗಾರಿಕೆಗೆ, ಸರಕು ಸಾಗಣೆಗೆ ಎಂಜಿನ್ ಬಂದಾಗ ಅವರಿಗೆ ಕಿಂಚಿತ್ತೂ ದುಃಖವಾಗಲಿಲ್ಲ, ದೊಡ್ಡ ಬಿಡುಗಡೆಯಾಯಿತು. ಆಕಾಶ ಕಪ್ಪಿಟ್ಟಿತೆಂದರೆ ಗಾಳಿಯ ಮರ್ಜಿ ಕಾಯದೆ ಮನೆಗೆ ಮರಳಬಹುದು ಎನ್ನುವುದು ಹೊಟ್ಟೆಪಾಡಿಗೆ ಕಡಲಿಗಿಳಿಯುವವನ ಮನೆಯವರಿಗೆ ಎಂಥ ನೆಮ್ಮದಿ ಎಂಬುದನ್ನು ಈ ಊರಿನ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಆದ್ದರಿಂದ ನಾನು ಹೇಳಲಿರುವುದು ಯಾರೂ ಒತ್ತಾಯಿಸದೆ ಇರುವಾಗ, ಎಂಜಿನ್ ಕೈಗೆ ಸಿಗುವಾಗಲೂ ಜನ ಹಾಯಿಯನ್ನು ಆರಿಸಿಕೊಳ್ಳುವುದರ ಬಗ್ಗೆ ಮಾತ್ರ.

ನಾನು ಹಾಯಿ ಕಲಿತದ್ದು ಊರಿನಲ್ಲಿ ಅಲ್ಲ. ಎಂಬತ್ತರ ದಶಕದಲ್ಲಿ ಮುಂಬಯಿಯಲ್ಲಿ ಕೆಲಸಕ್ಕಿದ್ದಾಗ, ಅಲ್ಲಿನ ಬಂದರಿನ ನೀರಿನಲ್ಲಿ ಭಾನುವಾರಗಳಂದು ಚಿಕ್ಕ ಹಾಯಿದೋಣಿಗಳಲ್ಲಿ ಪಾಠ ಹೇಳಿಕೊಡುತ್ತಿದ್ದರು. ಅದಕ್ಕೆ ಮೊದಲು ಗೆಳೆಯರ ಮೋಟಾರು ದೋಣಿಯಲ್ಲಿ ನಾಲ್ಕಾರು ಸಲ ಸುತ್ತಾಡಿದ್ದೆ. ಅದನ್ನು ನಡೆಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿತಿದ್ದೆ ಎಂದು ನಾನು ನಂಬಿದ್ದೆ. ಈಗ ಯೋಚಿಸಿದರೆ ಅದು ಪೂರ್ತಿ ನಿಜವಲ್ಲ. ಸೆಳೆತವಿರುವ ನೀರಿನಲ್ಲಿ ಯಂತ್ರದೋಣಿಯನ್ನು ಧಕ್ಕೆಗೆ ಹಗುರಾಗಿ ಒರಗಿಸುವುದು, ದೊಡ್ಡ ಅಲೆಗಳಲ್ಲಿ ವೇಗವನ್ನು ತೂಗಿಸಿಕೊಂಡು ಹೋಗುವುದು ಅಭ್ಯಾಸ ಬೇಡುವ ವಿದ್ಯೆಗಳೇ. ಆದರೆ ಶಾಂತ ನೀರಿನಲ್ಲಿ ಹಿಡಿಯನ್ನು ಮುಂದೆ ತಳ್ಳಿದರೆ ದೋಣಿ ಮುಂದೆ ಹೋಗುತ್ತದೆ. ನಿನ್ನೆ ಹೋದ ಹಾಗೆ ಇಂದೂ ಹೋಗುತ್ತದೆ.

ಹಾಯಿದೋಣಿಯ ಮೊದಲ ಪಾಠದಲ್ಲಿ ಗುರುಗಳು ನನಗೆ ಹಗ್ಗವನ್ನೂ ಕೊಡಲಿಲ್ಲ, ಚುಕ್ಕಾಣಿಯನ್ನೂ ಕೊಡಲಿಲ್ಲ. ಕಣ್ಣು ಮುಚ್ಚಿಕೊಂಡು ಗಾಳಿ ಎಲ್ಲಿಂದ ಬರುತ್ತಿದೆ ಎಂದು ಕೈ ತೋರಿಸಲು ಹೇಳಿದರು. ನಾನು ತೋರಿಸಿದ ದಿಕ್ಕು ತಪ್ಪಾಗಿತ್ತು. ತಲೆಯನ್ನು ಮೆಲ್ಲಗೆ ತಿರುಗಿಸುತ್ತ ಹೋಗು, ಎರಡು ಕಿವಿಗಳಲ್ಲೂ ಗಾಳಿಯ ಸದ್ದು ಸಮನಾದಾಗ ನಿನ್ನ ಮುಖ ಗಾಳಿಗೆ ನೇರವಾಗಿದೆ ಎಂದು ತಿಳಿ ಎಂದರು. ಮೂವತ್ತು ವರ್ಷ ಬದುಕಿದ್ದ ನನಗೆ ನನ್ನ ಕಿವಿಗೆ ಇಂಥದೊಂದು ಕೆಲಸವಿದೆ ಎಂಬುದೇ ಗೊತ್ತಿರಲಿಲ್ಲ. ಮೂರನೆಯ ವಾರ ನಾನು ದೋಣಿ ಮಗುಚಿದೆ. ಗಾಳಿ ಬೆನ್ನ ಹಿಂದೆ ಇದ್ದಾಗ ಚುಕ್ಕಾಣಿಯನ್ನು ಎಚ್ಚರವಿಲ್ಲದೆ ಒಂದಿಷ್ಟು ಹೆಚ್ಚು ತಿರುಗಿಸಿದೆ. ಗಾಳಿ ಹಾಯಿಯ ಹಿಂಬದಿಯನ್ನು ಹಿಡಿದು, ಹಾಯಿಯ ತಳದ ಅಡ್ಡಮರ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ನನ್ನ ತಲೆಯ ಮೇಲಿಂದ ಬೀಸಿ ಹೋಯಿತು. ಮರುಕ್ಷಣ ನಾನು ನೀರಿನಲ್ಲಿದ್ದೆ. ನಮ್ಮನ್ನು ಎತ್ತಲು ಧಾವಿಸಿ ಬಂದದ್ದು ಒಂದು ಮೋಟಾರು ದೋಣಿ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಹಾಯಿ ಕಲಿಸುವ ಒಳ್ಳೆಯ ಜಾಗಗಳಲ್ಲೆಲ್ಲ ಅಂಥ ದೋಣಿಯೊಂದು ಪಕ್ಕದಲ್ಲಿ ಕಾದು ನಿಂತಿರುತ್ತದೆ, ನಿಂತಿರಲೇಬೇಕು.

ಇನ್ನು ಹಾಯಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದರ ಸೆಳೆತದ ಮೂಲ ಅಲ್ಲಿಯೇ ಇದೆ. ಹಾಯಿ ಎಂದರೆ ಗಾಳಿಯನ್ನು ತುಂಬಿಕೊಂಡು ಮುಂದಕ್ಕೆ ತಳ್ಳಿಸಿಕೊಳ್ಳುವ ಚೀಲ ಎಂದು ಬಹಳ ಜನ ತಿಳಿದಿದ್ದಾರೆ. ಗಾಳಿ ನೇರವಾಗಿ ಹಿಂದಿನಿಂದ ಬೀಸುವಾಗ ಅದು ಸರಿ. ಆದರೆ ಗಾಳಿ ಪಕ್ಕದಿಂದಲೋ ಓರೆಯಾಗಿ ಮುಂದಿನಿಂದಲೋ ಬಂದಾಗ, ಹಾಯಿ ನೆಟ್ಟಗೆ ನಿಲ್ಲಿಸಿದ ವಿಮಾನದ ರೆಕ್ಕೆಯಂತೆ ವರ್ತಿಸುತ್ತದೆ. ಬಾಗಿದ ಬಟ್ಟೆಯ ಎರಡು ಮೈಗಳ ಮೇಲೆ ಗಾಳಿ ಬೇರೆ ಬೇರೆ ವೇಗದಲ್ಲಿ ಹರಿದು ಹೋಗುವುದರಿಂದ ಒತ್ತಡದಲ್ಲಿ ಅಂತರ ಉಂಟಾಗಿ, ಹಾಯಿ ಒಂದು ಬದಿಗೆ ಎಳೆಯಲ್ಪಡುತ್ತದೆ. ಆ ಎಳೆತದ ದೊಡ್ಡ ಪಾಲು ದೋಣಿಯನ್ನು ಪಕ್ಕಕ್ಕೆ ಜಾರಿಸಲು ನೋಡುತ್ತದೆ. ನೀರಿನೊಳಗೆ ಇಳಿಬಿಟ್ಟ ಹಲಗೆ ಅಥವಾ ಕೀಲ್ ಅದನ್ನು ತಡೆಯುತ್ತದೆ. ಉಳಿದ ಚಿಕ್ಕ ಪಾಲು ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ. ಲೋಳೆ ಅಂಟಿದ ಹಲಸಿನ ಬೇಳೆಯನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಮುಂದಕ್ಕೆ ಚಿಮ್ಮುತ್ತದಲ್ಲ, ಗಾಳಿ ಮತ್ತು ನೀರಿನ ನಡುವೆ ಸಿಕ್ಕಿದ ದೋಣಿಯೂ ಹಾಗೆಯೇ ಚಿಮ್ಮುತ್ತದೆ. ಗಾಳಿಗೆ ನೇರ ಎದುರಾಗಿ ಮಾತ್ರ ಯಾವ ಹಾಯಿದೋಣಿಯೂ ಸಾಗಲಾರದು. ಸಾಮಾನ್ಯ ದೋಣಿ ಗಾಳಿಯ ದಿಕ್ಕಿನಿಂದ ಎಡಕ್ಕೋ ಬಲಕ್ಕೋ ಸುಮಾರು 45 ಡಿಗ್ರಿ ಓರೆಯಾಗಿ ಹೋಗಿ, ತಿರುಗಿ, ಇನ್ನೊಂದು ಓರೆಯಲ್ಲಿ ಬಂದು, ಹೀಗೆ ಅಂಕುಡೊಂಕಾಗಿ ಗಾಳಿಯ ಮೂಲದ ಕಡೆಗೆ ಏರಬೇಕು. ಹತ್ತು ಮೈಲು ಎದುರುಗಾಳಿಗೆ ಹೋಗಬೇಕೆಂದರೆ ನೀರಿನಲ್ಲಿ ಹದಿನಾಲ್ಕು ಮೈಲು ಓಡಬೇಕು. ಪತ್ತೆಮಾರಿಯ ತಾಂಡೇಲರು ಮಾಡುತ್ತಿದ್ದುದು ಇದರದೇ ಇನ್ನೊಂದು ರೂಪ.

ವೇಗಕ್ಕೂ ಒಂದು ಕಡಿವಾಣವಿದೆ. ನೀರನ್ನು ಸೀಳಿಕೊಂಡು ಹೋಗುವ ಯಾವುದೇ ದೋಣಿ ತಾನೇ ಎಬ್ಬಿಸಿದ ಅಲೆಯ ಗುಳಿಯೊಳಗೆ ಸಿಕ್ಕಿಬೀಳುತ್ತದೆ. ನೀರಿನ ಮಟ್ಟದಲ್ಲಿ 30 ಅಡಿ ಉದ್ದವಿರುವ ಭಾರವಾದ ಹಾಯಿದೋಣಿಗೆ ಈ ಮಿತಿ ಸುಮಾರು 7 ನಾಟ್, ಅಂದರೆ ಗಂಟೆಗೆ 13 ಕಿಲೋಮೀಟರ್ ಚಿಲ್ಲರೆ. ಆರಾಮವಾಗಿ ಸೈಕಲ್ ತುಳಿಯುವವರ ವೇಗ ಅದು. ಹಗುರವಾದ, ತಳ ಚಪ್ಪಟೆಯಾದ ಯಂತ್ರದೋಣಿ ಎಂಜಿನ್ನಿನ ಬಲದಿಂದ ತನ್ನ ಅಲೆಯನ್ನೇ ಏರಿ, ನೀರಿನ ಮೇಲ್ಮೈಯ ಮೇಲೆ ಜಾರುತ್ತ ಇದರ ನಾಲ್ಕೈದು ಪಟ್ಟು ವೇಗದಲ್ಲಿ ಹೋಗಬಲ್ಲದು. ಅದಕ್ಕೆ ತೆರಬೇಕಾದ ಬೆಲೆ ಇಂಧನದ್ದು. ದೋಣಿಯ ಹಿಂದೆ ಕಟ್ಟುವ 300 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನೊಂದು ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 100 ಲೀಟರ್ ಕುಡಿಯುತ್ತದೆ. ಹಾಯಿಯ ಗುಣಗಾನ ಮಾಡುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ: ಖರ್ಚಿಲ್ಲ, ಹೊಗೆಯಿಲ್ಲ, ಸದ್ದಿಲ್ಲ ಎಂದು. ಸದ್ದಿಲ್ಲದಿರುವುದು ನಿಜವಾಗಿಯೂ ದೊಡ್ಡ ಸುಖ. ಆದರೆ ಖರ್ಚಿನ ಮಾತು ಅಷ್ಟು ಸರಳವಲ್ಲ; ಒಳ್ಳೆಯ ಹಾಯಿ, ಹಗ್ಗ, ಹಾಯಿ ಹೊರುವ ಕೂವೆಮರಗಳ ಬೆಲೆ ಕೇಳಿದವರಿಗೆ ಅದು ಗೊತ್ತು. ಉಳಿತಾಯಕ್ಕಾಗಿಯೇ ಜನ ಹಾಯಿಗೆ ಒಲಿದಿದ್ದರೆ ಪೆಟ್ರೋಲು ಅಗ್ಗವಾಗಿದ್ದ ಕಾಲದಲ್ಲಿ ಅವರೆಲ್ಲ ಬಿಟ್ಟು ಹೋಗಬೇಕಿತ್ತು.

ನನ್ನ ತಿಳಿವಳಿಕೆಯಲ್ಲಿ ಕಾರಣ ಬೇರೆಯೇ ಇದೆ. ಎಂಜಿನ್ನಿನ ಬಲ ನಾವು ಮೊದಲೇ ಕೊಂಡು ತುಂಬಿಟ್ಟುಕೊಂಡದ್ದು. ಖರ್ಚಾಗುತ್ತ ಹೋಗುವುದೇ ಅದರ ಸ್ವಭಾವ. ಹಾಯಿಯ ಬಲ ಆ ಗಳಿಗೆಯಲ್ಲಿ ಎದುರಾಗುವಂಥದ್ದು. ಅದರಲ್ಲಿ ಎಷ್ಟು ನಮಗೆ ದಕ್ಕುತ್ತದೆ ಎಂಬುದು ನಮಗೆ ಎಷ್ಟು ತಿಳಿದಿದೆ ಎಂಬುದರ ಮೇಲೆ ನಿಂತಿದೆ. ಹಾಯಿಯ ಬಟ್ಟೆಗೆ ಎರಡೂ ಬದಿಗಳಲ್ಲಿ ಉಣ್ಣೆಯ ಸಣ್ಣ ಎಳೆಗಳನ್ನು ಅಂಟಿಸಿರುತ್ತಾರೆ. ಗಾಳಿ ಸರಾಗವಾಗಿ ಹರಿಯುತ್ತಿದ್ದರೆ ಎರಡೂ ಎಳೆಗಳು ನೇರವಾಗಿ ಹಿಂದಕ್ಕೆ ಚಾಚಿಕೊಂಡಿರುತ್ತವೆ. ಹಗ್ಗವನ್ನು ಎರಡು ಬೆರಳಿನಷ್ಟು ಹೆಚ್ಚು ಎಳೆದರೆ ಒಂದು ಬದಿಯ ಎಳೆ ನಡುಗುತ್ತದೆ, ಸಡಿಲ ಬಿಟ್ಟರೆ ಇನ್ನೊಂದು ಬದಿಯದು. ಗಾಳಿಯೋ ಒಂದು ನಿಮಿಷ ಒಂದೇ ಹದದಲ್ಲಿ ಇರುವುದಿಲ್ಲ. ಅದರ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಕೈ ಸದಾ ಕೇಳುತ್ತಿರಬೇಕು, ದೋಣಿ ಸದಾ ಉತ್ತರಿಸುತ್ತಿರುತ್ತದೆ. ಮೃದಂಗ ನುಡಿಸುವವರು ಪ್ರತಿ ಕಚೇರಿಗೂ ಮೊದಲು ಶ್ರುತಿ ಕೂಡಿಸಿಕೊಳ್ಳುತ್ತಾರೆ. ಹಾಯಿಯವರು ಕಚೇರಿ ನಡೆಯುವಷ್ಟು ಹೊತ್ತೂ ಶ್ರುತಿ ಕೂಡಿಸುತ್ತಲೇ ಇರಬೇಕು. ನಾನು ಇದನ್ನು ನಲವತ್ತು ವರ್ಷ ಮಾಡಿದ್ದೇನೆ. ಹೋದ ತಿಂಗಳು ಕೂಡ ನನಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಗಾಳಿ ತೋರಿಸಿಕೊಟ್ಟಿತು: ಮಧ್ಯಾಹ್ನದ ಕಡಲಗಾಳಿ ಏಳುವ ಮುನ್ನ ದಡದ ತೆಂಗಿನ ತುದಿಗಳು ಅಲುಗುವುದು ನಿಂತು ಕೆಲವು ನಿಮಿಷ ಎಲ್ಲವೂ ಸ್ತಬ್ಧವಾಗುತ್ತದೆಂದು ತಿಳಿದಿದ್ದೆ, ಆದರೆ ಆ ಸ್ತಬ್ಧತೆಯಲ್ಲಿ ದಡಕ್ಕೆ ಹತ್ತಿರವಿದ್ದ ದೋಣಿಗಿಂತ ಒಂದು ಮೈಲು ಹೊರಗಿದ್ದ ದೋಣಿ ಎಷ್ಟು ಮೊದಲೇ ಹೊಸ ಗಾಳಿಯನ್ನು ಹಿಡಿದುಕೊಂಡಿತು ಎಂಬುದನ್ನು ನಾನು ಎಂದೂ ಗಮನವಿಟ್ಟು ನೋಡಿರಲಿಲ್ಲ.

ಗಾಳಿಯನ್ನು ಅಳೆಯಲು ನಾವು ಇಂದಿಗೂ ಬಳಸುವ ಮಾಪಕವೇ ಈ ಕೈಯ ತಿಳಿವಿನಿಂದ ಹುಟ್ಟಿದ್ದು. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ಸೊನ್ನೆಯಿಂದ ಆರಂಭಿಸಿ ಗಾಳಿಯ ಬಲವನ್ನು ಅಂಕಿಗಳಲ್ಲಿ ಬರೆದಿಡತೊಡಗಿದಾಗ ಅವರ ಬಳಿ ವೇಗ ಅಳೆಯುವ ಉಪಕರಣವಿರಲಿಲ್ಲ. ಮುಂದೆ ಅವರ ಮಾಪಕ ಹಡಗು ಆ ಗಾಳಿಯಲ್ಲಿ ಎಷ್ಟು ಹಾಯಿ ಹೊರಬಲ್ಲದು, ಯಾವ ಹಾಯಿಗಳನ್ನು ಮಡಿಚಬೇಕಾಗುತ್ತದೆ ಎಂಬುದನ್ನೇ ಅಳತೆಯಾಗಿ ಇಟ್ಟುಕೊಂಡಿತು. ಹನ್ನೆರಡು ಎಂದರೆ ಯಾವ ಹಾಯಿಯೂ ತಾಳಲಾರದ ಗಾಳಿ.

ದೂರದ ಪಯಣಗಳಲ್ಲಿ ಇನ್ನೊಂದು ವಿಷಯ ಬೆಳಕಿಗೆ ಬರುತ್ತದೆ, ಇದು ಬಹಳ ಜನರಿಗೆ ಅಚ್ಚರಿಯ ಸಂಗತಿ. 2008ರಲ್ಲಿ ‘ಅರ್ತ್‌ರೇಸ್’ ಎಂಬ ಯಂತ್ರದೋಣಿ ಪನಾಮಾ ಮತ್ತು ಸೂಯೆಜ್ ಕಾಲುವೆಗಳ ಮೂಲಕ, ದಾರಿಯುದ್ದಕ್ಕೂ ಬಂದರುಗಳಲ್ಲಿ ಇಂಧನ ತುಂಬಿಸಿಕೊಳ್ಳುತ್ತ, ಭೂಮಿಯನ್ನು ಸುತ್ತಿ ಬರಲು 60 ದಿನ 23 ಗಂಟೆ 49 ನಿಮಿಷ ತೆಗೆದುಕೊಂಡು ಯಂತ್ರದೋಣಿಗಳ ದಾಖಲೆ ಮಾಡಿತು. 2017ರ ಜನವರಿಯಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಜ್ವಾಯೋಂ ಮತ್ತು ಅವರ ಸಂಗಡಿಗರು ‘ಇಡೆಕ್ ಸ್ಪೋರ್ಟ್’ ಎಂಬ ಮೂರು ಒಡಲಿನ ಹಾಯಿ ಹಡಗಿನಲ್ಲಿ, ಯಾವ ಕಾಲುವೆಯನ್ನೂ ಬಳಸದೆ, ಎಲ್ಲಿಯೂ ನಿಲ್ಲದೆ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳ ದಕ್ಷಿಣದ ಭೂಶಿರಗಳನ್ನು ದಾಟಿ 40 ದಿನ 23 ಗಂಟೆ 30 ನಿಮಿಷಗಳಲ್ಲಿ ಸುತ್ತಿ ಬಂದರು. ಒಂದು ಮೈಲಿನ ಓಟದಲ್ಲಿ ಎಂಜಿನ್ ಗೆಲ್ಲುತ್ತದೆ. ಇಡೀ ಭೂಮಿಯ ಓಟದಲ್ಲಿ ಅದು ತನ್ನ ಟ್ಯಾಂಕಿಗೆ ಕಟ್ಟುಬಿದ್ದಿರುತ್ತದೆ. ದಕ್ಷಿಣ ಸಾಗರದಲ್ಲಿ ಯಾವ ನೆಲವೂ ಅಡ್ಡವಿಲ್ಲದೆ ಪಡುವಣದಿಂದ ಮೂಡಣಕ್ಕೆ ಬೀಸುವ ಗಾಳಿಯೋ ಖಾಲಿಯಾಗುವುದೇ ಇಲ್ಲ.

ವೇಗವಿಲ್ಲದ ಪಯಣ ನನಗೆ ಇದಕ್ಕಿಂತ ಹತ್ತಿರದ್ದು. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ ಹೊರಟ ‘ಸುಹೈಲಿ’ ಎಂಬ 32 ಅಡಿಯ ದೋಣಿ ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ್ದು. ಒಬ್ಬರೇ ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಬೇಕಾದ ‘ಗೋಲ್ಡನ್ ಗ್ಲೋಬ್’ ಎಂಬ ಆ ಸ್ಪರ್ಧೆಗೆ ಹೊರಟವರು ಒಂಬತ್ತು ಮಂದಿ, ಮುಗಿಸಿದವರು ಅವರೊಬ್ಬರೇ. ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಮಿಯನ್ನು ಸುತ್ತಿದ ಮೊದಲ ಮನುಷ್ಯನಾಗಿ 1969ರ ಏಪ್ರಿಲ್ 22ರಂದು, 312 ದಿನಗಳ ನಂತರ ಅವರು ಅದೇ ಬಂದರಿಗೆ ಮರಳಿದರು. ಸರಾಸರಿ ವೇಗ ಸುಮಾರು 4 ನಾಟ್. ದಾರಿಯಲ್ಲಿ ಅವರ ರೇಡಿಯೋ ಕೆಟ್ಟಿತು, ದೋಣಿಯನ್ನು ತಾನಾಗಿ ನಡೆಸುವ ಚುಕ್ಕಾಣಿಯ ಸಾಧನ ಮುರಿದುಹೋಯಿತು. ಆಮೇಲೆ ಅವರು ಹಾಯಿಗಳನ್ನೇ ತೂಗಿಸಿ ಕಟ್ಟಿ, ದೋಣಿ ತನ್ನಷ್ಟಕ್ಕೆ ದಿಕ್ಕು ಹಿಡಿದು ಹೋಗುವಂತೆ ಮಾಡಿಕೊಂಡರು. ಎಂಜಿನ್ ಕೆಟ್ಟ ದೋಣಿ ತೇಲುವ ಮರದ ತುಂಡಾಗುತ್ತದೆ. ಹಾಯಿದೋಣಿಯಲ್ಲಿ ಒಂದು ಕೆಟ್ಟರೆ ಇನ್ನೊಂದರಿಂದ ಕೆಲಸ ತೆಗೆಯಲು ತಿಳಿದವರಿಗೆ ದಾರಿ ಇರುತ್ತದೆ.

ನಮ್ಮವರ ಪಯಣಗಳಿಗೂ ಕರ್ನಾಟಕದ ನೀರಿನ ನಂಟಿದೆ. ನೌಕಾಪಡೆಯ ದಿಲೀಪ್ ದೋಂಡೆ 2009ರ ಆಗಸ್ಟ್ 19ರಂದು ಮುಂಬಯಿಯಿಂದ ಹೊರಟು, ನಾಲ್ಕು ಕಡೆ ನಿಂತು, 2010ರ ಮೇ ತಿಂಗಳಲ್ಲಿ ಮರಳಿ, ಹಾಯಿದೋಣಿಯಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿದ ಮೊದಲ ಭಾರತೀಯರಾದರು. 2012ರ ನವೆಂಬರ್ 1ರಂದು ಹೊರಟ ಅಭಿಲಾಷ್ ಟಾಮಿ ಅದೇ ದೋಣಿಯಲ್ಲಿ ಎಲ್ಲಿಯೂ ನಿಲ್ಲದೆ, ಸುಮಾರು ಐದು ತಿಂಗಳಲ್ಲಿ ಸುತ್ತಿ ಬಂದರು. ಗೋವದ ದಿವಾಡಿ ದ್ವೀಪದಲ್ಲಿ ಕಟ್ಟಿದ 56 ಅಡಿಯ ಆ ದೋಣಿಯ ಹೆಸರು ‘ಮ್ಹಾದೇಯಿ’. ಅದು ಮಾಂಡೋವಿಯ ಮೂಲ ಹೆಸರು. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅದು. ಪತ್ರಿಕೆಗಳಲ್ಲಿ ನೀರಿನ ಹಂಚಿಕೆಯ ವ್ಯಾಜ್ಯವಾಗಿಯೇ ನಮಗೆ ಪರಿಚಿತವಾದ ಈ ಹೆಸರು ಎರಡು ಬಾರಿ ಒಂಟಿ ನಾವಿಕರೊಂದಿಗೆ ಭೂಮಿಯನ್ನು ಸುತ್ತಿದೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೆ ತಿಳಿದಿರಬೇಕು ಎಂಬುದು ನನ್ನ ಆಸೆ. ಅದರ ಒಡಹುಟ್ಟಿನಂತಿರುವ ‘ತಾರಿಣಿ’ಯಲ್ಲಿ 2017-18ರಲ್ಲಿ ನೌಕಾಪಡೆಯ ಆರು ಮಹಿಳೆಯರೂ, 2024-25ರಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಗಳೂ ಇದೇ ಪರಿಕ್ರಮವನ್ನು ಮುಗಿಸಿದ್ದಾರೆ.

ಈ ಸೆಳೆತದಲ್ಲಿ ಅಪಾಯವೂ ಸೇರಿದೆ. ಗೋಲ್ಡನ್ ಗ್ಲೋಬ್ ಸ್ಪರ್ಧೆ ಮತ್ತೆ ನಡೆದಾಗ, 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅಭಿಲಾಷ್ ಟಾಮಿಯವರ ದೋಣಿಯ ಕೂವೆಮರ ಮುರಿದು, ಬೆನ್ನುಮೂಳೆಗೆ ಪೆಟ್ಟು ಬಿದ್ದು ಅವರು ಅಲುಗಾಡಲಾರದೆ ಮಲಗಿದ್ದರು. ಮೂರು ದಿನಗಳ ನಂತರ ಫ್ರಾನ್ಸಿನ ‘ಒಸಿರಿಸ್’ ಎಂಬ ಹಡಗು ಅವರನ್ನು ಪಾರುಮಾಡಿತು. ಅದು ಎಂಜಿನ್ನಿನ ಹಡಗು. ಗಾಳಿಯನ್ನೇ ನೆಚ್ಚಿದ ಯಾವ ದೋಣಿಯೂ ಅಲ್ಲಿಗೆ ಅಷ್ಟು ಬೇಗ ತಲುಪುತ್ತಿರಲಿಲ್ಲ. ಗುಣಮುಖರಾದ ಟಾಮಿ 2022ರಲ್ಲಿ ಅದೇ ಸ್ಪರ್ಧೆಗೆ ಮತ್ತೆ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಷೇಫರ್ ಮೊದಲನೆಯವರಾಗಿ ಬಂದಿದ್ದರು.

ಇಷ್ಟು ದೂರದ ಮಾತು ಕೇಳಿ ಹಾಯಿ ತಮಗೆ ಎಟುಕದ್ದು ಎಂದು ಯಾರೂ ತಿಳಿಯಬೇಕಿಲ್ಲ. 1947ರಲ್ಲಿ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದೇ ರೂಪಿಸಿದ ‘ಆಪ್ಟಿಮಿಸ್ಟ್’ ಎಂಬ ದೋಣಿ ಎಂಟು ಅಡಿಯೂ ಉದ್ದವಿಲ್ಲ. ಪ್ರಪಂಚದ ಎಷ್ಟೋ ಹಾಯಿಗಾರರು ಅದರಲ್ಲಿಯೇ ಅಕ್ಷರಾಭ್ಯಾಸ ಮಾಡಿದವರು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನಿಕರು ಹಾಯಿ ಅಭ್ಯಾಸ ಮಾಡುವುದನ್ನು ದಡದಲ್ಲಿ ನಿಂತವರು ನೋಡಬಹುದು. ಸುತ್ತಲೂ ಕಟ್ಟಡಗಳಿರುವ ಆ ಕೆರೆಯಲ್ಲಿ ಗಾಳಿ ಗಳಿಗೆಗೊಂದು ಕಡೆ ತಿರುಗುತ್ತದೆ. ಅಲ್ಲಿ ಪಳಗಿದವರಿಗೆ ಕಡಲಿನ ನೇರ ಗಾಳಿ ಸುಲಭ ಎನಿಸುತ್ತದೆ. ನಮ್ಮ ಕಾರವಾರದಲ್ಲಿ 2025ರ ಮೇ 21ರಂದು ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಎಂಬ ಹಡಗನ್ನಂತೂ ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದಾರೆ. ಅದರ ಚೌಕ ಹಾಯಿಗಳನ್ನು ಹೇಗೆ ನಡೆಸಬೇಕೆಂದು ಹೇಳಿಕೊಡುವವರು ಯಾರೂ ಬದುಕಿಲ್ಲ; ನಾವಿಕರು ಗಾಳಿಯಿಂದಲೇ ಅದನ್ನು ಮರಳಿ ಕಲಿಯಬೇಕಾಗಿದೆ.

ಹಾಯಿ ಎಂಬ ಮಾತಿನ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ತಮಿಳಿನಲ್ಲಿ ‘ಪಾಯ್’ ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ನಮ್ಮ ಹಾಯಿ ಅದೇ ಬೇರಿನ ಮಾತು. ಹಳಗನ್ನಡದ ಪಕಾರ ಹಕಾರವಾಗಿದೆ, ಅಷ್ಟೆ. ಚಾಪೆ ಹೆಣೆಯುವ ಕೈಗಳೇ ಒಂದು ಕಾಲದಲ್ಲಿ ಹಾಯಿಯನ್ನೂ ಹೆಣೆದಿರಬೇಕು.

ಅಜ್ಜಯ್ಯನನ್ನು ನಾನು ಹಾಯಿದೋಣಿಯಲ್ಲಿ ಕೂರಿಸಿಕೊಂಡು ಹೋದದ್ದು ಒಂದೇ ಸಲ. ರಜೆಗೆ ಊರಿಗೆ ಬಂದಿದ್ದಾಗ ಗೆಳೆಯರೊಬ್ಬರ ಸಣ್ಣ ದೋಣಿಗೆ ನಾನೇ ಹಾಯಿ ಕಟ್ಟಿಕೊಂಡಿದ್ದೆ. ಪಂಚಗಂಗಾವಳಿಯ ಅಳಿವೆಯ ಒಳಗಿನ ನೀರು, ಮಧ್ಯಾಹ್ನ ಮೂರರ ಹೊತ್ತು. ಎಂಬತ್ತರ ಹತ್ತಿರವಿದ್ದ ಅವರು ದೋಣಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಎಂಜಿನ್ ಇಲ್ಯಾ?” ಎಂದು ಕೇಳಿದರು. ಇಲ್ಲ ಎಂದೆ. ಇಷ್ಟವಿಲ್ಲದ ಮುಖದಲ್ಲಿಯೇ ಹತ್ತಿ ಕುಳಿತರು. ನಾನು ಹಗ್ಗ ಹಿಡಿದು, ಕಲಿತದ್ದನ್ನೆಲ್ಲ ತೋರಿಸುವ ಉತ್ಸಾಹದಲ್ಲಿ, ಹಾಯಿಗೆ ಅಂಟಿಸಿದ ಉಣ್ಣೆಯ ಎಳೆಗಳನ್ನೇ ದಿಟ್ಟಿಸುತ್ತಿದ್ದೆ. ಅವರು ಹಾಯಿಯ ಕಡೆ ನೋಡಲೇ ಇಲ್ಲ. ಪಡುವಣಕ್ಕೆ ಮುಖ ಮಾಡಿ, ದೂರದಲ್ಲಿ ನೀರಿನ ಬಣ್ಣ ತುಸು ಗಾಢವಾಗಿದ್ದ ಕಡೆಗೆ ಕಣ್ಣು ನೆಟ್ಟಿದ್ದವರು ಇದ್ದಕ್ಕಿದ್ದಂತೆ “ಹಗ್ಗ ಬಿಡ್” ಎಂದರು. ಏಕೆಂದು ತಿಳಿಯದಿದ್ದರೂ ಬಿಟ್ಟೆ. ಎರಡು ಉಸಿರಿನಷ್ಟು ಹೊತ್ತು ಕಳೆದ ಮೇಲೆ ಗಾಳಿಯ ಬೀಸೊಂದು ಬಂದು ದೋಣಿಯನ್ನು ತಟ್ಟಿತು. ಹಗ್ಗ ಬಿಗಿಯಾಗಿಯೇ ಇದ್ದಿದ್ದರೆ ನಾವಿಬ್ಬರೂ ನೀರಿನಲ್ಲಿರುತ್ತಿದ್ದೆವು. ಅಜ್ಜಯ್ಯ ಏನೂ ಹೇಳದೆ ಕೈ ಚಾಚಿ ನನ್ನಿಂದ ಹಗ್ಗವನ್ನು ತೆಗೆದುಕೊಂಡರು. ದೋಣಿ ದಡ ಮುಟ್ಟುವ ತನಕ ಅದನ್ನು ಮರಳಿ ಕೊಡಲಿಲ್ಲ.